ಹೊಸಬರು ಎರಡನೇ ಸಲವೂ ಬರುವಂಥ ಜಿಮ್ ಕಟ್ಟುವುದು ಹೇಗೆ?

ಖಾಲಿ ಹಾಲ್‌ನ ಕೀ ಕೈಗೆ ಸಿಕ್ಕ ದಿನ ಹೆಚ್ಚಿನವರು ಮೊದಲು ಮಷಿನ್‌ಗಳ ಕ್ಯಾಟಲಾಗ್ ತೆರೆಯುತ್ತಾರೆ. ಎಷ್ಟು ಟ್ರೆಡ್‌ಮಿಲ್ ಹಿಡಿಯುತ್ತವೆ? ಕನ್ನಡಿ ಎಲ್ಲಿ ಬರಬೇಕು? ಲೈಟ್ ಯಾವ ಬಣ್ಣದ್ದು? ಆ ಕ್ಯಾಟಲಾಗನ್ನು ಒಂದೆರಡು ವಾರ ಪಕ್ಕಕ್ಕಿಡಿ ಅಂತ ನನ್ನ ವಿನಂತಿ. ಅದಕ್ಕೂ ಮುಂಚೆ ಒಬ್ಬ ಹುಡುಗಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅವಳಿಗೆ 19 ವರ್ಷ. ಇವತ್ತಿನವರೆಗೆ ಜಿಮ್ ಒಳಗೆ ಕಾಲಿಟ್ಟಿಲ್ಲ. ಹೋಗಲೋ ಬೇಡವೋ ಅಂತ ತಿಂಗಳುಗಟ್ಟಲೆ ಯೋಚಿಸಿ, ಹೇಗೋ ಧೈರ್ಯ ಮಾಡಿ ನಿಮ್ಮ ಬಾಗಿಲವರೆಗೆ ಬಂದಿದ್ದಾಳೆ. ಒಳಗೆ ಬಂದ ಮೊದಲ 5 ನಿಮಿಷ ಅವಳಿಗೆ ಏನಾಗುತ್ತದೆ? ಎರಡನೇ ಸಲ ಬರುತ್ತಾಳಾ?

ವರ್ಷಗಟ್ಟಲೆ ತೂಕ ಎತ್ತಿದವರಿಗೆ ಒಂದು ಗ್ಯಾರೇಜ್ ಇದ್ದರೂ ನಡೆಯುತ್ತದೆ. ಅವರು ಹೇಗಾದರೂ ಜಾಗ ಮಾಡಿಕೊಳ್ಳುತ್ತಾರೆ. ಹೊಸಬರಿಗೆ ಹಾಗಲ್ಲ. ಜಾಗವೇ ಅವರನ್ನು ಕರೆಯಬೇಕು, ಇಲ್ಲವಾದರೆ ಸುಮ್ನೆ ವಾಪಸ್ ಹೋಗುತ್ತಾರೆ. ಹಾಗಾಗಿ ಮುಂದಿನ ಎಲ್ಲ ಹಂತಗಳಲ್ಲೂ ಆ ಹುಡುಗಿಯನ್ನು ಜೊತೆಗೇ ಕರೆದುಕೊಂಡು ಹೋಗೋಣ.

ಹಂತ 1: ಅವರು ಏನು ಮಾಡಲು ಬರುತ್ತಾರೆ ಅಂತ ನೋಡಿ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿ ನಿಮ್ಮ ನಕ್ಷೆಗೆ ಒಳ್ಳೆಯ ತಳಹದಿ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು. ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ. ಅಂದರೆ ಓಟ, ತೂಕ ಎರಡೂ ಬೇಕು. ಒಂದೇ ಬಗೆಯ ಮಷಿನ್‌ಗಳನ್ನು ಸಾಲಾಗಿ ನಿಲ್ಲಿಸಿದ ಹಾಲ್ ಇದರಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಈಗಿನ ಯುವಜನರು ಹೀಗೆ ಬೆರೆಸಿ ಮಾಡುವುದನ್ನೇ ಇಷ್ಟಪಡುತ್ತಾರೆ. 2017ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಶುರುವಾದ ಹೈರಾಕ್ಸ್ ಸ್ಪರ್ಧೆಯನ್ನೇ ನೋಡಿ. 1 ಕಿಲೋಮೀಟರ್ ಓಟ, ಆಮೇಲೆ ಒಂದು ಕಸರತ್ತು. ಹೀಗೆ 8 ಸಲ. ಸ್ಲೆಡ್ (ಭಾರ ಹೇರಿದ, ಚಕ್ರವಿಲ್ಲದ ಬಂಡಿ) ತಳ್ಳುವುದು, ಎಳೆಯುವುದು, ರೋಯಿಂಗ್, ಭಾರ ಹೊತ್ತು ನಡೆಯುವುದು, ಗೋಡೆಗೆ ಚೆಂಡು ಎಸೆಯುವುದು. ಇದಕ್ಕೆ ತಯಾರಾಗುವವರಿಗೆ ದೊಡ್ಡ ಮಷಿನ್‌ಗಿಂತ ಉದ್ದನೆಯ ಖಾಲಿ ನೆಲ ಬೇಕು.

ಇನ್ನೊಂದು ವಿಷಯ ನನಗೆ ಅದಕ್ಕಿಂತಲೂ ಮುಖ್ಯ. ಅವರು ಗೆಳೆಯರ ಜೊತೆ ಬರುತ್ತಾರೆ, ಮುಗಿದ ಮೇಲೂ ಸ್ವಲ್ಪ ಹೊತ್ತು ಇರಬೇಕು ಅಂತ ಬಯಸುತ್ತಾರೆ. ಮನೆ ಒಂದು ಜಾಗ, ಕಾಲೇಜು ಅಥವಾ ಕೆಲಸ ಇನ್ನೊಂದು ಜಾಗ. ಇವೆರಡೂ ಅಲ್ಲದ ಮೂರನೇ ಜಾಗವನ್ನು ಅವರು ಹುಡುಕುತ್ತಿದ್ದಾರೆ. ನಿಮ್ಮ ಹಾಲ್ ಆ ಜಾಗ ಆಗಬಹುದು.

ಕೆಲಸ ಏನು ಅಂದರೆ, ಈಗ ನಡೆಯುತ್ತಿರುವ 3–4 ಜಿಮ್‌ಗಳಿಗೆ ಹೋಗಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಯಾವುದಕ್ಕೆ ಕ್ಯೂ ಇದೆ, ಯಾವುದರ ಮೇಲೆ ಧೂಳು ಕೂತಿದೆ ಅಂತ ಬರೆದುಕೊಳ್ಳಿ. ಹೊಸಬರಂತೆ ಕಾಣುವವರು ಎಲ್ಲಿ ನಿಂತುಬಿಡುತ್ತಾರೆ ಅನ್ನುವುದನ್ನೂ ಗಮನಿಸಿ. ಕ್ಯಾಟಲಾಗ್ ಇದನ್ನು ಹೇಳುವುದಿಲ್ಲ.

ಹಂತ 2: ಕಟ್ಟಡ ತಡೆಯುತ್ತದಾ ಅಂತ ಕೇಳಿ

2011ರ ಜುಲೈ 5ರಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 39 ಮಹಡಿಯ ಟೆಕ್ನೋಮಾರ್ಟ್ ಕಟ್ಟಡ ಸುಮಾರು 10 ನಿಮಿಷ ಅಲುಗಾಡಿತು. ನೂರಾರು ಜನ ಹೊರಗೆ ಓಡಿದರು. ಅವತ್ತು ಅಲ್ಲಿ ಭೂಕಂಪ ಆಗಿರಲಿಲ್ಲ. ತಜ್ಞರು ಪರೀಕ್ಷೆ ಮಾಡಿ ಕೊಟ್ಟ ಕಾರಣ ಏನು ಗೊತ್ತಾ? 12ನೇ ಮಹಡಿಯ ಜಿಮ್‌ನಲ್ಲಿ ನಡೆಯುತ್ತಿದ್ದ ಟೇ ಬೋ ಕ್ಲಾಸ್, ಅಂದರೆ ಸಂಗೀತಕ್ಕೆ ತಕ್ಕಂತೆ ಗುದ್ದುವ, ಒದೆಯುವ ವ್ಯಾಯಾಮ. ಕ್ಲಾಸ್‌ನಲ್ಲಿ ಇದ್ದವರು 20ಕ್ಕಿಂತ ಕಡಿಮೆ ಜನ. ಅವರೆಲ್ಲ ಒಂದೇ ತಾಳಕ್ಕೆ ನೆಲ ತುಳಿದಿದ್ದು ಕಟ್ಟಡದ ಸಹಜ ಕಂಪನದ ಜೊತೆ ಹೊಂದಿಕೊಂಡುಬಿಟ್ಟಿತ್ತು.

ಇದು ಅಪರೂಪದ ಘಟನೆ, ಹೆದರಿಸಲು ಹೇಳುತ್ತಿಲ್ಲ. ಆದರೆ ಜನ ಒಟ್ಟಿಗೆ ಕುಣಿಯುವ ಕೋಣೆಯನ್ನು ಮೇಲಿನ ಮಹಡಿಯಲ್ಲಿ ಇಡುವ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಸಾಮಾನ್ಯವಾಗಿ ಮನೆಯ ನೆಲವನ್ನು ಚದರ ಮೀಟರ್‌ಗೆ ಸುಮಾರು 200 ಕಿಲೋ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ಜಿಮ್‌ಗೆ ಬೇಕಾದದ್ದು ಸುಮಾರು 500 ಕಿಲೋ. ವ್ಯತ್ಯಾಸ ಚಿಕ್ಕದಲ್ಲ. ನನ್ನನ್ನು ಕೇಳಿದರೆ, ಆಯ್ಕೆ ಇದ್ದರೆ ಕಣ್ಣು ಮುಚ್ಚಿ ನೆಲಮಹಡಿ ತಗೊಳ್ಳಿ. ಕೆಳಗೆ ಯಾರೂ ಇಲ್ಲದಿದ್ದರೆ ಡಂಬೆಲ್ ಬಿದ್ದ ಸದ್ದಿಗೆ ಜಗಳವೂ ಇಲ್ಲ.

ಎತ್ತರವನ್ನೂ ಅಳೆಯಿರಿ. 6 ಅಡಿಯವರು ಬಾರ್ಬೆಲ್ಲನ್ನು ತಲೆಯ ಮೇಲೆ ಎತ್ತಿ ಹಿಡಿದರೆ ಪ್ಲೇಟ್‌ನ ಅಂಚು ಸುಮಾರು 2.5 ಮೀಟರ್ ಮುಟ್ಟುತ್ತದೆ. ಗೋಡೆಗೆ ಚೆಂಡು ಎಸೆಯುವ ಗುರಿ ಸುಮಾರು 3 ಮೀಟರ್ ಮೇಲಿರುತ್ತದೆ, ಚೆಂಡು ಅದಕ್ಕಿಂತ ಸ್ವಲ್ಪ ಮೇಲೂ ಹೋಗುತ್ತದೆ. ಎಸಿ ಪೈಪ್, ಫ್ಯಾನ್, ಲೈಟ್ ಎಲ್ಲ ಕೂರಿಸಿದ ಮೇಲೆ ಉಳಿಯುವ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯಿರಿ. 3 ಮೀಟರ್‌ಗಿಂತ ಕಡಿಮೆ ಉಳಿದರೆ ಎಸೆಯುವ, ಹಾರುವ ಕಸರತ್ತುಗಳ ಆಸೆ ಬಿಡುವುದೇ ಒಳ್ಳೆಯದು.

ಹಂತ 3: ನೆಲದ ಮೇಲೆ ಟೇಪ್ ಅಂಟಿಸಿ

ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಸಿ, ಬೇಡ ಅನ್ನುವುದಿಲ್ಲ. ಆದರೆ ಯಾವುದನ್ನೂ ಕೊಳ್ಳುವ ಮುಂಚೆ ಬಣ್ಣದ ಟೇಪ್ ತಂದು ನಿಜವಾದ ನೆಲದ ಮೇಲೆ ನಿಜವಾದ ಅಳತೆಯಲ್ಲಿ ಗೆರೆ ಎಳೆಯಿರಿ. ಈ ಒಂದು ದಿನದ ಕೆಲಸ ಆಮೇಲೆ ಎಷ್ಟೋ ತಲೆನೋವು ಉಳಿಸುತ್ತದೆ.

ಕೆಲವು ಅಳತೆಗಳು ನೆನಪಿರಲಿ. ದೊಡ್ಡ ಬಾರ್ಬೆಲ್ 2.2 ಮೀಟರ್ ಉದ್ದ. ಎರಡೂ ತುದಿಯಲ್ಲಿ ನಿಂತು ಪ್ಲೇಟ್ ಹಾಕಲು ಜಾಗ ಬೇಕಲ್ಲ? ಹಾಗಾಗಿ ಒಂದು ರ‍್ಯಾಕ್‌ಗೆ ಅಗಲದಲ್ಲಿ ಮೂರೂವರೆ ಮೀಟರ್ ಕೊಡಿ. ಟ್ರೆಡ್‌ಮಿಲ್‌ನ ಹಿಂದೆ 2 ಮೀಟರ್, ಎರಡೂ ಪಕ್ಕ ಅರ್ಧ ಮೀಟರ್ ಖಾಲಿ ಇರಲೇಬೇಕು. ಓಡುವಾಗ ಎಡವಿದವರನ್ನು ಬೆಲ್ಟ್ ಹಿಂದಕ್ಕೆ ಎಸೆಯುತ್ತದೆ. ಹಿಂದೆ ಗೋಡೆ ಇದ್ದರೆ ಅವರು ಗೋಡೆಗೂ ತಿರುಗುವ ಬೆಲ್ಟ್‌ಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಈ ವಿಷಯದಲ್ಲಿ ಒಂದು ಅಡಿಯೂ ರಾಜಿ ಬೇಡ.

ಯೋಗ ಮ್ಯಾಟ್ ಸುಮಾರು 60 ಸೆಂಟಿಮೀಟರ್ ಅಗಲ ಇರುತ್ತದೆ ನಿಜ. ಆದರೆ ಕೈ ಚಾಚಿದ ಮನುಷ್ಯ ತನ್ನ ಎತ್ತರದಷ್ಟೇ ಅಗಲ ಆಗುತ್ತಾನೆ. ಕ್ಲಾಸ್ ನಡೆಯುವ ಕೋಣೆಯಲ್ಲಿ ಒಬ್ಬರಿಗೆ 2 ಮೀಟರ್‌ಗೆ 2 ಮೀಟರ್ ಅಂತ ಲೆಕ್ಕ ಹಾಕಿ. 60 ಚದರ ಮೀಟರ್ ಕೋಣೆಗೆ 15 ಜನ. 25 ಜನರನ್ನು ತುಂಬಿದರೆ ಮೊದಲು ಬಿಟ್ಟು ಹೋಗುವವರು ಹೊಸಬರೇ. ಪಕ್ಕದವರ ಕಾಲು ತಾಗುತ್ತದೇನೋ ಅನ್ನುವ ಅಳುಕಿನಲ್ಲಿ ಅವರಿಗೆ ಏನೂ ಕಲಿಯಲು ಆಗುವುದಿಲ್ಲ.

ಸ್ಲೆಡ್‌ಗೆ ಕೃತಕ ಹುಲ್ಲಿನ ಒಂದು ಪಟ್ಟಿ ಹಾಕಿ. 2 ಮೀಟರ್ ಅಗಲ, 12–15 ಮೀಟರ್ ಉದ್ದ. ಸ್ಲೆಡ್ ಇಲ್ಲದ ಹೊತ್ತಿನಲ್ಲಿ ಅದೇ ಪಟ್ಟಿ ಲಂಜ್ (ದೊಡ್ಡ ಹೆಜ್ಜೆ ಇಟ್ಟು ಮಂಡಿ ಬಗ್ಗಿಸುವುದು) ಮಾಡಲು, ಭಾರ ಹೊತ್ತು ನಡೆಯಲು, ಮೈ ಸಡಿಲಿಸಲು ಸಿಗುತ್ತದೆ. ನನಗೆ ಇಡೀ ಹಾಲ್‌ನಲ್ಲಿ ಅತಿ ಇಷ್ಟದ ಭಾಗ ಇದು.

ಒಂದು ಮಾತು ಒತ್ತಿ ಹೇಳುತ್ತೇನೆ. ಒಟ್ಟು ನೆಲದಲ್ಲಿ ಮೂರನೇ ಒಂದು ಭಾಗವನ್ನಾದರೂ ಖಾಲಿ ಬಿಡಿ. ಖಾಲಿ ಜಾಗ ನೋಡಿದರೆ ದುಡ್ಡು ವೇಸ್ಟ್ ಆಯಿತು ಅನ್ನಿಸುತ್ತದೆ, ಅಲ್ವಾ? ಒಂದು ಮಷಿನ್ ಒಬ್ಬರಿಗೆ ಒಂದೇ ಕಸರತ್ತು ಕೊಡುತ್ತದೆ. ಅದರ ಎರಡರಷ್ಟು ಖಾಲಿ ನೆಲದಲ್ಲಿ ಮೂವರು ಗೆಳೆಯರು ನೂರು ಬಗೆಯ ಕಸರತ್ತು ಮಾಡಬಹುದು.

ಓಡಾಡುವ ದಾರಿ ಕನಿಷ್ಠ 90 ಸೆಂಟಿಮೀಟರ್ ಅಗಲ ಇರಲಿ, ಮುಖ್ಯ ದಾರಿ ಇನ್ನೂ ಜಾಸ್ತಿ. ಗಾಲಿಕುರ್ಚಿ ಪೂರ್ತಿ ತಿರುಗಲು 1.5 ಮೀಟರ್ ವ್ಯಾಸದ ಜಾಗ ಬೇಕು. ಅದನ್ನು ಶೌಚಾಲಯದಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಮಷಿನ್‌ಗಳ ನಡುವೆ ಎಲ್ಲ ಕಡೆ ಕೊಡಿ. ಆಮೇಲೆ ಸೇರಿಸೋಣ ಅಂದುಕೊಂಡರೆ ಗೋಡೆ ಒಡೆಯಬೇಕಾಗುತ್ತದೆ.

ಟೇಪ್ ಅಂಟಿಸಿದ ಮೇಲೆ ಐದಾರು ಗೆಳೆಯರನ್ನು ಕರೆದು ಓಡಾಡಿಸಿ. ಸ್ಕ್ವಾಟ್ ಮಾಡಿಸಿ, ಕೈ ಬೀಸಿಸಿ. ಡಿಕ್ಕಿ ಹೊಡೆದ ಕಡೆಯಲ್ಲೆಲ್ಲ ಗೆರೆ ಬದಲಿಸಿ. ಇದು ಮುಗಿದ ಮೇಲೆ ಕ್ಯಾಟಲಾಗ್ ತೆರೆಯಬಹುದು.

ಹಂತ 4: ನೆಲಹಾಸು ಮತ್ತು ಸದ್ದು

ಎಲ್ಲ ಕಡೆ ಒಂದೇ ರಬ್ಬರ್ ಹಾಸಬೇಡಿ. ಮಷಿನ್‌ಗಳ ಕೆಳಗೆ 8 ಮಿಲಿಮೀಟರ್ ಸಾಕು. ಡಂಬೆಲ್ ಜಾಗಕ್ಕೆ 15–20 ಮಿಲಿಮೀಟರ್. ಬಾರ್ಬೆಲ್ ಬೀಳುವ ಜಾಗಕ್ಕೆ 30–40 ಮಿಲಿಮೀಟರ್ ಅಥವಾ ಬೇರೆಯೇ ಪ್ಲಾಟ್‌ಫಾರ್ಮ್. ಹೊಸ ರಬ್ಬರ್ ವಾಸನೆ ಸುಲಭಕ್ಕೆ ಹೋಗುವುದಿಲ್ಲ. ತೆರೆಯುವ ದಿನಕ್ಕಿಂತ ಕೆಲವು ವಾರ ಮುಂಚೆಯೇ ಹಾಸಿ, ಕಿಟಕಿ ತೆರೆದಿಡಿ.

ಭಾರ ಬಿದ್ದಾಗಿನ ಗುಡುಗಿನಂಥ ಸದ್ದು ಸ್ಲ್ಯಾಬ್ ಮೂಲಕ ಪ್ರಯಾಣ ಮಾಡುತ್ತದೆ. ಗೋಡೆಗೆ ಫೋಮ್ ಅಂಟಿಸಿದರೆ ಅದು ನಿಲ್ಲುವುದಿಲ್ಲ. ಅದನ್ನು ನೆಲದಲ್ಲೇ ತಡೆಯಬೇಕು. ಫೋಮ್ ಮತ್ತು ಸೀಲಿಂಗ್ ಪ್ಯಾನೆಲ್‌ಗಳ ಕೆಲಸ ಬೇರೆ. ಅವು ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡಿ, ಟ್ರೇನರ್ ಹೇಳಿದ್ದು ಕಿವಿಗೆ ಸರಿಯಾಗಿ ಬೀಳುವಂತೆ ಮಾಡುತ್ತವೆ.

ಸಂಗೀತದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಮಾತ್ರ ಕೇಳಬಹುದು. ಮೇಲೆ ಹೋದ ಪ್ರತಿ 3 ಡೆಸಿಬಲ್‌ಗೂ ಆ ಸಮಯ ಅರ್ಧ ಆಗುತ್ತದೆ. 97 ಡೆಸಿಬಲ್ ಮುಟ್ಟಿದರೆ ಉಳಿಯುವುದು ಅರ್ಧ ಗಂಟೆ. ದಿನಕ್ಕೆ 4 ಕ್ಲಾಸ್ ತೆಗೆದುಕೊಳ್ಳುವ ಟ್ರೇನರ್‌ನ ಕಿವಿಯ ಗತಿ ಏನು? ಒಂದು ದೊಡ್ಡ ಸ್ಪೀಕರ್ ಬದಲು ಚಿಕ್ಕ ಸ್ಪೀಕರ್‌ಗಳನ್ನು ಹಲವು ಕಡೆ ಹಾಕಿ. ಎಲ್ಲರಿಗೂ ಕೇಳಿಸುತ್ತದೆ, ಯಾರ ಕಿವಿಗೂ ಬಡಿಯುವುದಿಲ್ಲ. ಒಂದು ಮೂಲೆಯಲ್ಲಿ ಸಂಗೀತವೇ ಬೇಡ. ಮೌನ ಬೇಕಾದವರೂ ಬರುತ್ತಾರೆ.

ಹಂತ 5: ಗಾಳಿಗೆ ಖರ್ಚು ಮಾಡಿ

ಎಲ್ಲರೂ ಕಡೆಗಣಿಸುವುದು ಇದನ್ನೇ. ಗಾಳಿ ಫೋಟೋದಲ್ಲಿ ಕಾಣುವುದಿಲ್ಲವಲ್ಲ. ಸುಮ್ನೆ ಕೂತ ಮನುಷ್ಯ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಉಸಿರಾಡುತ್ತಾನೆ. ಜೋರಾಗಿ ಓಡುವಾಗ ಅದು 100 ಲೀಟರ್ ಮುಟ್ಟಬಹುದು. ಹತ್ತಾರು ಜನ ಒಂದೇ ಕೋಣೆಯಲ್ಲಿ ಹೀಗೆ ಉಸಿರಾಡಿ, ಬೆವರು ಸುರಿಸಿದರೆ ಅಲ್ಲಿನ ಗಾಳಿ ಬೇಗ ಕೆಡುತ್ತದೆ.

ತುಂಬ ಜನ ಮಾಡುವ ತಪ್ಪು ಒಂದಿದೆ. ಎಸಿ ಇದೆ, ಗಾಳಿ ಸರಿಯಾಗಿದೆ ಅಂದುಕೊಳ್ಳುತ್ತಾರೆ. ಗೋಡೆಗೆ ಹಾಕುವ ಮಾಮೂಲಿ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಒಳಗೇ ಬಿಡುತ್ತದೆ. ಹೊರಗಿನ ಗಾಳಿ ಒಂದು ಚೂರೂ ಬರುವುದಿಲ್ಲ. ಹೊಸ ಗಾಳಿ ಒಳಗೆ ತರುವ ಫ್ಯಾನ್, ಹಳೆಯದನ್ನು ಹೊರಗೆ ತಳ್ಳುವ ಎಕ್ಸಾಸ್ಟ್, ಇವೆರಡೂ ಬೇರೆಯಾಗಿ ಬೇಕು.

ಎಷ್ಟು ಗಾಳಿ? ಎಸಿ, ಗಾಳಿ ವ್ಯವಸ್ಥೆಗಳ ಮಾನದಂಡ ಬರೆಯುವ ಅಮೆರಿಕದ ಆಶ್ರೇ ಸಂಸ್ಥೆಯ 62.1 ಮಾನದಂಡ ಜಿಮ್‌ಗೆ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಿನ ಗಾಳಿ ಹೇಳುತ್ತದೆ. ಅದರ ಮೇಲೆ ಪ್ರತಿ ಚದರ ಮೀಟರ್ ನೆಲಕ್ಕೆ 0.3 ಲೀಟರ್. ಆಫೀಸಿಗೆ ಒಬ್ಬರಿಗೆ ಹೇಳುವುದು 2.5 ಲೀಟರ್ ಮಾತ್ರ. ನಿಮ್ಮದು 200 ಚದರ ಮೀಟರ್ ಹಾಲ್, ತುಂಬಿದ ಹೊತ್ತಿನಲ್ಲಿ 40 ಜನ ಅಂದುಕೊಳ್ಳಿ. 40 ಜನಕ್ಕೆ 400 ಲೀಟರ್, ನೆಲಕ್ಕೆ 60 ಲೀಟರ್. ಒಟ್ಟು ಸೆಕೆಂಡಿಗೆ 460 ಲೀಟರ್. ಈ ಅಂಕಿ ಹಿಡಿದುಕೊಂಡು ಎಸಿ ಎಂಜಿನಿಯರ್ ಹತ್ತಿರ ಮಾತಾಡಿ. ಆಫೀಸಿನ ಲೆಕ್ಕದಲ್ಲಿ ಕೊಟೇಶನ್ ಕೊಟ್ಟರೆ ಆಗಲೇ ಗೊತ್ತಾಗುತ್ತದೆ.

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೇಳುವಂತೆ ಉಷ್ಣತೆ 20ರಿಂದ 22 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 60ರ ಒಳಗೆ ಇರಲಿ. ಗೋಡೆಗೆ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಹಾಕಿ. ಕ್ಲಾಸ್ ನಡೆಯುವಾಗ ಅಂಕಿ ಏರುವುದು ಸಹಜ. ಮುಗಿದ ಮೇಲೆ ಎಷ್ಟು ಬೇಗ ಇಳಿಯುತ್ತದೆ ನೋಡಿ. ಮುಂದಿನ ಕ್ಲಾಸ್ ಶುರುವಾಗುವ ಹೊತ್ತಿಗೂ ಇಳಿಯದಿದ್ದರೆ ಗಾಳಿ ಬದಲಾಗುತ್ತಿಲ್ಲ ಅಂತ ಅರ್ಥ.

ಹಂತ 6: ಬೆಳಕು

ಇದು ಸುಲಭ. ಸಾಧಾರಣ 300 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಸಾಕು. ಬೆಂಚಿನ ಮೇಲೆ ನೀವೇ ಒಂದು ಸಲ ಅಂಗಾತ ಮಲಗಿ ನೋಡಿ. ಲೈಟ್ ನೇರ ಕಣ್ಣಿಗೆ ಹೊಡೆದರೆ ಅದನ್ನು ಸರಿಸಿ ಅಥವಾ ಸೀಲಿಂಗ್ ಕಡೆ ತಿರುಗಿಸಿ. ಬಣ್ಣದ ನಿಯಾನ್ ಲೈಟ್ ಬೇಕಿದ್ದರೆ ಒಂದು ಗೋಡೆಗೆ ಸಾಕು. ತೂಕ ಎತ್ತುವ ಜಾಗದಲ್ಲಿ ಪ್ಲೇಟ್ ಮೇಲಿನ ಅಂಕಿ ಸ್ಪಷ್ಟವಾಗಿ ಕಾಣಲೇಬೇಕು. ಕಿಟಕಿ ಇದ್ದರೆ ಮುಚ್ಚಬೇಡಿ. ಹಗಲು ಬೆಳಕಿಗೆ ಸಮ ಯಾವುದೂ ಇಲ್ಲ.

ಹಂತ 7: ಹೊಸಬರ ದಾರಿ, ಕನ್ನಡಿ, ಕ್ಯಾಮೆರಾ

ಈಗ ನಮ್ಮ ಹುಡುಗಿಯ ಜೊತೆ ಬಾಗಿಲಿನಿಂದ ನಡೆಯೋಣ. ಒಳಗೆ ಬಂದ ಕೂಡಲೇ ಅವಳ ಮುಂದೆ ಏನು ಕಾಣುತ್ತದೆ? ಎಷ್ಟೋ ಜಿಮ್‌ಗಳಲ್ಲಿ ಭಾರದ ತೂಕದ ಜಾಗ, ಗಟ್ಟಿ ಮೈಯವರ ಗುಂಪು, ಎದುರಿಗೆ ದೊಡ್ಡ ಕನ್ನಡಿ. ಬಟ್ಟೆ ಬದಲಿಸುವ ಕೋಣೆ ಆ ಗುಂಪಿನ ಆಚೆ. ಎಲ್ಲರ ಮುಂದೆ ಹಾದು ಹೋಗಬೇಕು. ನಾನು ಮೊದಲ ಸಲ ಸೇರಿದ ಜಿಮ್ ಹೀಗೇ ಇತ್ತು. ಒಂದು ವಾರ ಮನೆಯಿಂದಲೇ ಬಟ್ಟೆ ಹಾಕಿಕೊಂಡು ಹೋದೆ, ಆಮೇಲೆ ಹೋಗುವುದನ್ನೇ ಬಿಟ್ಟೆ.

ಹೀಗೆ ಮಾಡಿ. ಬಾಗಿಲಿನ ಹತ್ತಿರ ಕೂತು ಶೂ ಬದಲಿಸಲು ಬೆಂಚ್ ಇಡಿ. ಅಲ್ಲಿಂದಲೇ ಇಡೀ ಹಾಲ್ ಕಾಣಬೇಕು. ಎಲ್ಲಿಗೆ ಹೋಗಬೇಕು ಅಂತ ಯಾರನ್ನೂ ಕೇಳದೆ ಗೊತ್ತಾಗಬೇಕು. ಬಟ್ಟೆ ಬದಲಿಸುವ ಕೋಣೆಗೆ ದಾರಿ ಬಾಗಿಲಿನ ಪಕ್ಕದಿಂದಲೇ ಇರಲಿ. ಮೈ ಬಿಸಿ ಮಾಡಿಕೊಳ್ಳುವ ಜಾಗ ಅದರ ಆಚೆ, ಭಾರದ ಜಾಗ ಕೊನೆಗೆ. ಆದರೆ ಭಾರದ ಜಾಗವನ್ನು ಒಂದೇ ದಾರಿಯ ಮೂಲೆಗೆ ತಳ್ಳಬೇಡಿ. ಎರಡು ಕಡೆಯಿಂದ ಹೋಗಿ ಬರುವಂತಿದ್ದರೆ ಅದು ಯಾರೋ ಕೆಲವರ ಅಡ್ಡಾ ಆಗುವುದಿಲ್ಲ.

1ರಿಂದ 10 ಕಿಲೋ ಡಂಬೆಲ್‌ಗಳ ಇನ್ನೊಂದು ಸೆಟ್ಟನ್ನು ಮ್ಯಾಟ್‌ಗಳ ಹತ್ತಿರ ಇಡಿ. 20 ಕಿಲೋ ಬಾರ್ಬೆಲ್ ಜೊತೆಗೆ 15 ಮತ್ತು 10 ಕಿಲೋದವೂ ಇರಲಿ. ಬರೀ 20 ಕಿಲೋದ್ದೇ ಇದ್ದರೆ ಎಷ್ಟೋ ಹೊಸಬರಿಗೆ ಖಾಲಿ ಬಾರ್ ಕೂಡ ಭಾರ. ಪ್ರತಿ ಮಷಿನ್‌ಗೂ ಸೀಟ್ ಹೇಗೆ ಸರಿಸಬೇಕು ಅಂತ ಚಿತ್ರದ ಚೀಟಿ ಅಂಟಿಸಿ. ಕೇಳಲು ನಾಚಿಕೊಳ್ಳುವವರಿಗೆ ಆ ಚೀಟಿಯೇ ಟ್ರೇನರ್. ತೀರಾ ಚಿಕ್ಕ ವಯಸ್ಸಿನವರಿಗೆ ದೊಡ್ಡವರ ಮಷಿನ್ ಅಳತೆ ಹೊಂದುವುದಿಲ್ಲ. ಅವರು ಟ್ರೇನರ್ ಎದುರಿಗೇ ಹಗುರ ತೂಕ, ತಮ್ಮದೇ ಮೈಭಾರದ ಕಸರತ್ತು ಮಾಡಲಿ.

ಕನ್ನಡಿ ಎಲ್ಲ ಗೋಡೆಗೂ ಬೇಡ. ಭಂಗಿ ನೋಡಿಕೊಳ್ಳಬೇಕಾದ ಕಡೆ ಇದ್ದರೆ ಸಾಕು. ಕನ್ನಡಿಯೇ ಇಲ್ಲದ ಒಂದು ಭಾಗ ಇರಲಿ. ತನ್ನ ಮೈ ಬಗ್ಗೆ ಈಗಾಗಲೇ ಸಂಕೋಚ ಇರುವವರು ಅಲ್ಲಿ ನಿರಾಳವಾಗಿ ಉಸಿರಾಡುತ್ತಾರೆ. ಕನ್ನಡಿಯ ಕೆಳ ಅಂಚು ನೆಲದಿಂದ ಅರ್ಧ ಮೀಟರ್ ಮೇಲಿರಲಿ. ಪ್ಲೇಟ್‌ನ ವ್ಯಾಸ 45 ಸೆಂಟಿಮೀಟರ್, ಉರುಳಿ ಬಂದರೂ ತಾಗುವುದಿಲ್ಲ.

ಮೊಬೈಲ್‌ನಲ್ಲಿ ವಿಡಿಯೋ ಮಾಡುವುದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸುವುದೂ ಬೇಡ. ತಮ್ಮ ಸ್ಕ್ವಾಟ್ ಸರಿ ಇದೆಯಾ ಅಂತ ನೋಡಿಕೊಳ್ಳಲು ಅದು ಒಳ್ಳೆಯ ದಾರಿ. ಆದರೆ ಬೇರೆಯವರ ವಿಡಿಯೋದಲ್ಲಿ ತಾನು ಸಿಕ್ಕಿಬೀಳುತ್ತೇನೆ ಅನ್ನುವ ಭಯ ನಿಜವಾದದ್ದು. ಒಂದು ಮೂಲೆಯಲ್ಲಿ ಖಾಲಿ ಗೋಡೆ ಇರುವ ಪ್ಲಾಟ್‌ಫಾರ್ಮ್ ಮಾಡಿ, ಫೋನ್ ಸ್ಟ್ಯಾಂಡ್ ನೀವೇ ಹಾಕಿಸಿ. ಕ್ಯಾಮೆರಾ ಗೋಡೆ ಕಡೆಗೇ ತಿರುಗಿರುವುದರಿಂದ ಹಿಂದೆ ಯಾರೂ ಬರುವುದಿಲ್ಲ. ಬೇರೆ ಕಡೆ ಟ್ರೈಪಾಡ್ ಬೇಡ. ಬಟ್ಟೆ ಬದಲಿಸುವ ಕೋಣೆಯಲ್ಲಿ ಫೋನ್ ಹೊರಗೆ ತೆಗೆಯುವಂತೆಯೇ ಇಲ್ಲ ಅಂತ ದೊಡ್ಡದಾಗಿ ಬರೆಯಿರಿ, ಪಾಲಿಸಿ.

ಹಂತ 8: ಬಟ್ಟೆ ಬದಲಿಸುವ ಕೋಣೆ, ಚೇತರಿಕೆಯ ಜಾಗ

ಒಬ್ಬೊಬ್ಬರಿಗೇ ಬಾಗಿಲು ಹಾಕಿಕೊಳ್ಳುವ ಚಿಕ್ಕ ಕೋಣೆಗಳನ್ನು ಜಾಸ್ತಿ ಮಾಡಿ. ಎಲ್ಲರೂ ಒಟ್ಟಿಗೆ ಬಟ್ಟೆ ಬದಲಿಸುವ ತೆರೆದ ಕೋಣೆ ತುಂಬ ಜನರಿಗೆ ಇಷ್ಟವಾಗುವುದಿಲ್ಲ. ಲಾಕರ್ ಒಳಗೆ ಚಾರ್ಜಿಂಗ್ ಪಾಯಿಂಟ್, ನೀರಿನ ಬಾಟಲಿ ತುಂಬುವ ನಲ್ಲಿ, ಕೂತು ಹರಟಲು ಒಂದು ಉದ್ದ ಮೇಜು. ಈ ಮೇಜನ್ನು ಕಡೆಯಲ್ಲಿ ಉಳಿದ ಜಾಗಕ್ಕೆ ಹಾಕಬೇಡಿ, ನಕ್ಷೆಯಲ್ಲೇ ಸೇರಿಸಿ.

ಐಸ್ ಬಾತ್ ಮತ್ತು ಸೌನಾ (ಬಿಸಿ ಗಾಳಿಯ ಕೋಣೆ) ಈಗ ಎಲ್ಲರ ಬಾಯಲ್ಲೂ ಇವೆ. ಸೌನಾ ಸಾಮಾನ್ಯವಾಗಿ 80–90 ಡಿಗ್ರಿ, ತಣ್ಣೀರು 10–15 ಡಿಗ್ರಿ. ನನ್ನ ಸಲಹೆ, ಹಣ ಕಡಿಮೆ ಇದ್ದರೆ ಇವೆರಡನ್ನೂ ಬಿಟ್ಟು ಗಾಳಿಗೆ, ನೆಲಕ್ಕೆ ಹಾಕಿ. ತೂಕ ಎತ್ತಿದ ಕೂಡಲೇ ದಿನವೂ ತಣ್ಣೀರಿನಲ್ಲಿ ಕೂತರೆ ಸ್ನಾಯುಗಳ ಬೆಳವಣಿಗೆ ಕುಂಠಿತವಾಗುತ್ತದೆ ಅಂತ ಸಂಶೋಧನೆಗಳು ತೋರಿಸಿವೆ. ಹಾಕಲೇಬೇಕು ಅಂದರೆ ನೀರು ಶುದ್ಧ ಮಾಡುವ ಫಿಲ್ಟರ್, ಜಾರದ ನೆಲ, ನೀರು ಹೋಗಲು ಸರಿಯಾದ ಇಳಿಜಾರು ಇರಲಿ. ತಣ್ಣೀರಿಗೆ ಇಳಿದ ಕೂಡಲೇ ಉಸಿರು ಬಿಗಿಯುತ್ತದೆ, ಹೃದಯದ ಮೇಲೆ ಒತ್ತಡ ಬೀಳುತ್ತದೆ. ಯಾರೂ ಒಬ್ಬರೇ ಇಳಿಯಬಾರದು. ಆ ಜಾಗ ಸಿಬ್ಬಂದಿಯ ಕಣ್ಣಿಗೆ ಬೀಳುವಂತಿರಲಿ.

ಮಲಗಿ ಮೈ ಚಾಚಲು ನಾಲ್ಕು ಮ್ಯಾಟ್, ಮಂದ ಬೆಳಕು, ಸದ್ದಿಲ್ಲದ ಒಂದು ಚಿಕ್ಕ ಕೋಣೆ ಸಿಕ್ಕರೆ ಹೆಚ್ಚಿನವರಿಗೆ ಅಷ್ಟೇ ಸಾಕು.

ಹಂತ 9: ಸುರಕ್ಷತೆಯನ್ನು ನಕ್ಷೆಯಲ್ಲೇ ಗುರುತಿಸಿ

ಹೃದಯ ನಿಂತಾಗ ಎದೆ ಒತ್ತುವ ಸಿಪಿಆರ್ ಸಿಗದಿದ್ದರೆ, ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೂ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಹಾಗಾಗಿ ನಿಂತ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರ ಹಾಲ್‌ನ ಯಾವ ಮೂಲೆಯಿಂದ ಹೊರಟರೂ ಒಂದೂವರೆ ನಿಮಿಷದ ಒಳಗೆ ಕೈಗೆ ಸಿಗಬೇಕು. ಬೀಗ ಹಾಕಿದ ಆಫೀಸಿನಲ್ಲಿ ಇಡಬೇಡಿ. ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇರಲಿ. ಸಿಬ್ಬಂದಿ ಎಲ್ಲರಿಗೂ ಸಿಪಿಆರ್ ಕಲಿಸಿ, ಗುಡಿಸುವವರಿಗೂ.

ಒರೆಸುವ ಬಟ್ಟೆ ಮತ್ತು ಸ್ಪ್ರೇ ಪ್ರತಿ ಭಾಗದಲ್ಲೂ ಕೈಗೆಟುಕುವಂತೆ ಇರಲಿ. ದೂರ ನಡೆಯಬೇಕಾದರೆ ಯಾರೂ ಒರೆಸುವುದಿಲ್ಲ. ಹುಳುಕಡ್ಡಿ, ಸ್ಟ್ಯಾಫ್‌ನಂಥ ಚರ್ಮದ ಸೋಂಕುಗಳು ಮ್ಯಾಟ್, ಬೆಂಚ್ ಮೂಲಕ ಹರಡುತ್ತವೆ. ಸ್ಪ್ರೇ ಮಾಡಿದ ಕೂಡಲೇ ಒರೆಸಿದರೆ ಪ್ರಯೋಜನ ಇಲ್ಲ. ಎಷ್ಟು ಹೊತ್ತು ಒದ್ದೆಯಾಗಿ ಬಿಡಬೇಕು ಅಂತ ಬಾಟಲಿಯ ಮೇಲೆ ಬರೆದಿರುತ್ತದೆ. ಟ್ರೆಡ್‌ಮಿಲ್ ಒಂದೊಂದಕ್ಕೂ ಬೇರೆ ಬೇರೆ ವಿದ್ಯುತ್ ಲೈನ್ ಎಳೆಸಿ, ವೈರ್ ಯಾವುದೂ ನಡೆಯುವ ದಾರಿಗೆ ಅಡ್ಡ ಬರಬಾರದು.

ಹಂತ 10: ತೆರೆಯುವ ಮುಂಚೆ, ತೆರೆದ ಮೇಲೆ

ಬಾಗಿಲು ತೆರೆಯುವ ಒಂದು ವಾರ ಮುಂಚೆ ಜಿಮ್‌ಗೆ ಯಾವತ್ತೂ ಹೋಗದ 10 ಯುವಜನರನ್ನು ಕರೆಯಿರಿ. ಏನೂ ಹೇಳಿಕೊಡಬೇಡಿ. ಒಂದು ಗಂಟೆ ಇಲ್ಲಿರಿ ಅಂತ ಹೇಳಿ ದೂರದಿಂದ ನೋಡಿ. ಎಲ್ಲಿ ನಿಂತರು, ಎಲ್ಲಿ ಸುತ್ತಮುತ್ತ ನೋಡಿದರು, ಯಾವ ಭಾಗಕ್ಕೆ ಹೋಗಲೇ ಇಲ್ಲ, ಎಲ್ಲ ಬರೆದುಕೊಳ್ಳಿ. ಆಮೇಲೆ ಕೂರಿಸಿ ಕೇಳಿ.

ಆಗಲೇ ಎಲ್ಲವನ್ನೂ ಬೋಲ್ಟ್ ಹಾಕಿ ಬಿಗಿಯಬೇಡಿ. ರ‍್ಯಾಕ್‌ಗಳಂತೆ ಸುರಕ್ಷತೆಗೆ ಬಿಗಿಯಲೇಬೇಕಾದವನ್ನು ಬಿಟ್ಟು, ಉಳಿದವನ್ನು ಸರಿಸಲು ಆಗುವಂತೆ ಇಡಿ. 3 ತಿಂಗಳಾದ ಮೇಲೆ ಮತ್ತೆ ಟೇಪ್ ಹಿಡಿದು ನೆಲದ ಮೇಲೆ ಕೂರಿ. ಖಾಲಿ ಬಿಟ್ಟ ಆ ಮೂರನೇ ಒಂದು ಭಾಗದಲ್ಲಿ ಜನ ತಾವಾಗಿಯೇ ಏನು ಮಾಡುತ್ತಿದ್ದಾರೆ ಅಂತ ನೋಡಿ, ಮುಂದಿನ ಸಲಕರಣೆಯ ಪಟ್ಟಿಯನ್ನು ಅಲ್ಲಿಂದ ಬರೆಯಿರಿ. ಮೊದಲ ದಿನ ಬಂದವರ ಹೆಸರಿನ ಪುಸ್ತಕವನ್ನೂ ತೆರೆಯಿರಿ. ಎರಡನೇ ಸಲ ಬಾರದವರಿಗೆ ಒಂದು ಫೋನ್ ಮಾಡಿ, ನಮ್ಮ ಜಾಗದಲ್ಲಿ ಏನು ಕಷ್ಟವಾಯಿತು ಅಂತ ಕೇಳಿ.